ಸೋರುವ ಹನಿಯೂ ಶ್ರಾವಕನ ಅಪ್ರಮಾದವೂ

ನೀರನ್ನು ಸೋಸಿ ಕುಡಿಯುವುದು ಜೈನ ಮನೆತನಗಳ ಹಳೆಯ ಆಚಾರ. ಕೊಡದ ಬಾಯಿಗೆ ದಪ್ಪ ಬಟ್ಟೆಯನ್ನು ಕಟ್ಟಿ ನೀರು ಸುರಿಯುವುದು, ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ನೀರು ಸೇದಿದ ಬಾವಿಗೇ ಮರಳಿ ಬಿಡುವುದು, ಕಣ್ಣಿಗೆ ಕಾಣದ ಜೀವಿಯ ಬಗೆಗೂ ಎಚ್ಚರವಿರಬೇಕೆಂಬ ತತ್ತ್ವದ ಆಚರಣೆಯೇ ಆಗಿದೆ. ಅಂತಹ ಮನೆಯೊಂದರ ಅಂಗಳದಲ್ಲಿ ಇಪ್ಪತ್ತೈದು ವರ್ಷ ದುಡಿದ ಕಾರೊಂದು ನಿಂತಿದೆ ಎಂದು ಭಾವಿಸಬಹುದು. ಅದರ ರೇಡಿಯೇಟರಿನಲ್ಲಿ ಕೂಲಂಟ್ ಕಡಿಮೆಯಾಗುತ್ತಿದೆ. ಚಾಲಕನು ಪ್ರತಿ ವಾರ ಅರ್ಧ ಲೀಟರ್ ತುಂಬುತ್ತಾನೆ. ತುಂಬಿದುದು ಎಲ್ಲಿಗೆ ಹೋಗುತ್ತಿದೆಯೆಂದು ಯಾರೂ ಕೇಳುವುದಿಲ್ಲ. ಒಂದು ಬೆಳಗ್ಗೆ ಕಾರಿನ ಅಡಿಯಲ್ಲಿ ಹಸಿರು ಬಣ್ಣದ ದ್ರವ ಚೂರು ನಿಂತಿರುವುದೂ, ಅದರ ಅಂಚಿನಿಂದ ಬೆಕ್ಕಿನ ಹೆಜ್ಜೆಗಳು ಹೊರಟಿರುವುದೂ ಕಾಣುತ್ತವೆ. ದಿನವೂ ಹಿತ್ತಲಿಗೆ ಬರುತ್ತಿದ್ದ ಆ ಬೆಕ್ಕು ಅನಂತರ ಬರುವುದಿಲ್ಲ.

ಆ ಮನೆಯಲ್ಲಿ ಯಾರಿಗೂ ಬೆಕ್ಕನ್ನು ಕೊಲ್ಲುವ ಇಚ್ಛೆಯಿರಲಿಲ್ಲ. ಕೂಲಂಟಿನಲ್ಲಿ ವಿಷವಿದೆಯೆಂಬ ಅರಿವೂ ಬಹುಶಃ ಇರಲಿಲ್ಲ. ಹಾಗಿದ್ದ ಮೇಲೆ ಅಲ್ಲಿ ನಡೆದುದು ಹಿಂಸೆಯೇ, ಕೇವಲ ಆಕಸ್ಮಿಕವೇ? ಹಿಂಸೆಯಾದರೆ ಅದರ ಹೊಣೆ ಯಾರದು? ಹಳೆಯ ವಾಹನವೊಂದರ ಸೋರಿಕೆಯಂತಹ ಸಾಮಾನ್ಯ ವಿಷಯದಲ್ಲಿ ಈ ಪ್ರಶ್ನೆಯನ್ನು ಎತ್ತುವುದು ಅತಿಯೆಂದು ತೋರಬಹುದು. ಆದರೆ ಗೃಹಸ್ಥನ ಅಹಿಂಸಾವ್ರತವು ಪರೀಕ್ಷೆಗೆ ಒಳಗಾಗುವುದು ಇಂತಹ ಸಾಮಾನ್ಯ ವಿಷಯಗಳಲ್ಲಿಯೇ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಎಂಜಿನ್ನಿನಲ್ಲಿ ಇಂಧನವು ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು ಶೀತಕ ದ್ರವವೇ ಹೊತ್ತು ಹೊರಗೆ ಹಾಕುತ್ತದೆ. ವಾಟರ್ ಪಂಪು ಈ ದ್ರವವನ್ನು ಸಿಲಿಂಡರುಗಳ ಸುತ್ತ ತಿರುಗಿಸಿ ರೇಡಿಯೇಟರಿಗೆ ಕಳುಹಿಸುತ್ತದೆ. ಅಲ್ಲಿ ಗಾಳಿಗೆ ತಣಿದು ಅದು ಮತ್ತೆ ಎಂಜಿನ್ನಿಗೆ ಮರಳುತ್ತದೆ. ಕೂಲಂಟ್ ಎಂದು ಮಾರುವ ದ್ರವದಲ್ಲಿ ಹೆಚ್ಚಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಚಳಿದೇಶಗಳಲ್ಲಿ ಅದು ನೀರು ಹೆಪ್ಪುಗಟ್ಟದಂತೆ ತಡೆಯುತ್ತದೆ. ಕರ್ನಾಟಕದಲ್ಲಿ ಆ ಭಯವಿಲ್ಲ. ಇಲ್ಲಿ ಅದರ ಉಪಯೋಗವಿರುವುದು ಕುದಿಯುವ ಬಿಂದುವನ್ನು ಏರಿಸುವುದರಲ್ಲಿ. ಅದರೊಡನೆ ಬೆರೆಸಿದ ರಾಸಾಯನಿಕಗಳು ಲೋಹವನ್ನು ತುಕ್ಕಿನಿಂದ ಕಾಯುತ್ತವೆ.

ಈ ಎಥಿಲೀನ್ ಗ್ಲೈಕಾಲಿಗೆ ಬಣ್ಣವಿಲ್ಲ. ಹಸಿರು, ಕೆಂಪು, ನೀಲಿ ಬಣ್ಣಗಳನ್ನು ತಯಾರಕರು ಸೇರಿಸುತ್ತಾರೆ. ಆದರೆ ಅದಕ್ಕೆ ಸಿಹಿ ರುಚಿಯಿದೆ. ನಾಯಿಯೂ ಬೆಕ್ಕೂ ಅದನ್ನು ನೆಕ್ಕುತ್ತವೆ. ಅರಿಯದ ಮಗುವೂ ಬೆರಳಿಗೆ ಹಚ್ಚಿ ಬಾಯಿಗಿಟ್ಟುಕೊಳ್ಳಬಹುದು. ಒಳಹೊಕ್ಕ ಗ್ಲೈಕಾಲು ಯಕೃತ್ತಿನಲ್ಲಿ ಹಂತಹಂತವಾಗಿ ಆಮ್ಲಗಳಾಗಿ ಮಾರ್ಪಟ್ಟು, ಕಡೆಗೆ ಆಕ್ಸಾಲಿಕ್ ಆಮ್ಲವಾಗುತ್ತದೆ. ಅದು ರಕ್ತದ ಕ್ಯಾಲ್ಸಿಯಮ್ಮಿನೊಡನೆ ಕೂಡಿ ಮೂತ್ರಪಿಂಡಗಳಲ್ಲಿ ಹರಳುಗಟ್ಟುತ್ತದೆ. ಪ್ರಾಣಿಯು ಮೊದಲು ಅಮಲೇರಿದಂತೆ ತೂರಾಡುತ್ತದೆ, ವಾಂತಿ ಮಾಡುತ್ತದೆ, ಅನಂತರ ಚೇತರಿಸಿಕೊಂಡಂತೆ ತೋರುವುದೂ ಉಂಟು. ಒಂದೆರಡು ದಿನಗಳಲ್ಲಿ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಮೊದಲ ಕೆಲವೇ ಗಂಟೆಗಳಲ್ಲಿ ಪಶುವೈದ್ಯರ ಬಳಿಗೆ ಒಯ್ದರೆ ಮಾತ್ರ ಉಳಿಸುವ ಆಸೆಯಿದೆ.

ಪ್ರಮಾಣವನ್ನೂ ನೋಡಬೇಕು. ಬೆಕ್ಕಿನ ತೂಕದ ಪ್ರತಿ ಕಿಲೋಗ್ರಾಮಿಗೆ ಸುಮಾರು 1.4 ಮಿಲಿಲೀಟರ್ ಶುದ್ಧ ಗ್ಲೈಕಾಲು ಮಾರಕವಾಗಬಲ್ಲದು. ಅಂದರೆ 3 ಕಿಲೋಗ್ರಾಂ ತೂಗುವ ಬೆಕ್ಕಿಗೆ 4 ಮಿಲಿಲೀಟರಿಗಿಂತ ಸ್ವಲ್ಪ ಹೆಚ್ಚು ಸಾಕು. ಅರ್ಧದಷ್ಟು ನೀರು ಬೆರೆತಿದ್ದರೆ ಎರಡು ಟೀ ಚಮಚವೂ ಬೇಕಾಗದು. ಇನ್ನೊಂದು ಕಡೆ, ನಿಮಿಷಕ್ಕೆ ಒಂದೇ ಹನಿ ಸೋರುವ ವಾಹನವನ್ನು ತೆಗೆದುಕೊಳ್ಳಬಹುದು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಎಣಿಸಿದರೆ ಗಂಟೆಗೆ 3, ಹತ್ತು ಗಂಟೆಯ ರಾತ್ರಿಯಲ್ಲಿ 30 ಮಿಲಿಲೀಟರ್. ಯಾರ ಕಣ್ಣಿಗೂ ಬೀಳದ ಆ ಹನಿಯು ಒಂದು ರಾತ್ರಿಯಲ್ಲಿ ಮೂರು ಬೆಕ್ಕುಗಳ ಪ್ರಾಣಕ್ಕೆ ಸಾಲುವಷ್ಟಾಗುತ್ತದೆ.

ಅಮೆರಿಕದಲ್ಲಿ ಈ ಕಾರಣದಿಂದಲೇ ದ್ರವಕ್ಕೆ ಕಹಿವಸ್ತುವನ್ನು ಸೇರಿಸುವ ಕ್ರಮ ಬಂದಿತು. 2012ರಲ್ಲಿ ಅಲ್ಲಿಯ ತಯಾರಕರು ಎಲ್ಲ 50 ರಾಜ್ಯಗಳ ಚಿಲ್ಲರೆ ಮಾರಾಟಕ್ಕೂ ಅದನ್ನು ಅನ್ವಯಿಸಲು ಒಪ್ಪಿದರು. ಕಹಿಯು ರುಚಿಯನ್ನು ಕೆಡಿಸುತ್ತದೆಯೇ ಹೊರತು ವಿಷವನ್ನು ಕಳೆಯುವುದಿಲ್ಲ. ಬಾಯಾರಿದ ಪ್ರಾಣಿಯು ಕಹಿಗೆ ಹೆದರಿ ದೂರ ಸರಿಯುವುದೆಂಬ ಭರವಸೆಯೂ ಇಲ್ಲ. ಸೋರಿಕೆಯನ್ನು ನಿಲ್ಲಿಸುವ ಹೊಣೆಯನ್ನು ಕಹಿಯ ಮೇಲೆ ಹೊರಿಸಲಾಗದು.

ಈಗ ಮೂಲ ಪ್ರಶ್ನೆಗೆ ಬರಬಹುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಡನೆ ಪ್ರಮಾದವನ್ನು ಸೇರಿಸಿ ಹೇಳುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರದ ವಿಚಾರವು ಇನ್ನೂ ಸೂಕ್ಷ್ಮವಾದುದು: ನೆಲ ನೋಡಿ ನಡೆಯುವ ಮುನಿಯ ಪಾದದಡಿ ಜೀವಿಯೊಂದು ಅಕಸ್ಮಾತ್ತಾಗಿ ಸತ್ತರೂ ಆತನಿಗೆ ಹಿಂಸೆಯ ಬಂಧವಿಲ್ಲ, ಯತ್ನವಿಲ್ಲದೆ ನಡೆಯುವವನ ಕಾಲಡಿ ಯಾವ ಜೀವಿಯೂ ಸಾಯದಿದ್ದರೂ ಹಿಂಸೆಯು ಆತನನ್ನು ಬಿಡದು. ಈ ಮಾನದಂಡದಿಂದ ನೋಡಿದರೆ ಆ ಬೆಕ್ಕು ಸತ್ತಿತೋ, ಬೇರೆ ಓಣಿಗೆ ಹೋಯಿತೋ ಎಂಬುದರ ಮೇಲೆ ನಿರ್ಣಯವು ನಿಲ್ಲುವುದಿಲ್ಲ. ವಾಹನದ ಒಡೆಯನು ಯತ್ನವನ್ನು ಮಾಡಿದನೇ ಇಲ್ಲವೇ ಎಂಬುದೊಂದೇ ಕೇಳತಕ್ಕ ಪ್ರಶ್ನೆ.

ಯತ್ನವು ಎಲ್ಲಿಂದ ಆರಂಭವಾಗಬೇಕು? ಮೊದಲ ಸಲ ದ್ರವ ಕಡಿಮೆಯಾದಾಗ ಕಾರಣವು ತಿಳಿಯದಿರುವುದು ಸಹಜ. ಹಳೆಯ ಮಾದರಿಯ ಕೆಲವು ವಾಹನಗಳಲ್ಲಿ ಹೆಚ್ಚಿನ ದ್ರವವನ್ನು ಹಿಡಿಯುವ ಬೇರೆ ತೊಟ್ಟಿ ಇರುವುದಿಲ್ಲ. ರೇಡಿಯೇಟರನ್ನು ಕಂಠದವರೆಗೆ ತುಂಬಿದರೆ, ಬಿಸಿಗೆ ಹಿಗ್ಗಿದ ದ್ರವವು ಕೊಳವೆಯ ಮೂಲಕ ನೆಲಕ್ಕೆ ಬೀಳುತ್ತದೆ. ಅದು ಯಂತ್ರದ ದೋಷವಲ್ಲ, ತುಂಬಿದವನ ಅಳತೆಯ ದೋಷ. ಆದರೆ ಸರಿಯಾದ ಅಳತೆಗೆ ತುಂಬಿದ ಮೇಲೂ ಎರಡನೆಯ ಸಲ ಮಟ್ಟ ಇಳಿದರೆ ಎಲ್ಲಿಯೋ ಸೋರುತ್ತಿದೆ ಎಂದೇ ಅರ್ಥ. ಯಂತ್ರವು ಕೂಲಂಟನ್ನು ಇಂಧನದಂತೆ ಉರಿಸಿ ಮುಗಿಸುವುದಿಲ್ಲ. ಎರಡನೆಯ ಸಲ ತುಂಬುವ ಕೈಗೆ ಅಜ್ಞಾನದ ರಕ್ಷಣೆಯಿಲ್ಲ. ಅಲ್ಲಿಂದ ಮುಂದಿನ ಅರಿಯದಿರುವಿಕೆಯು ಅರಿಯಲು ಒಲ್ಲದಿರುವಿಕೆ. ಪ್ರಮಾದವೆಂಬ ಹೆಸರು ಅದಕ್ಕೇ ಸಲ್ಲುತ್ತದೆ.

ಹುಡುಕುವ ಕ್ರಮವು ಕಷ್ಟದ್ದಲ್ಲ, ತಾಳ್ಮೆಯನ್ನು ಬೇಡುವಂಥದು. ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಆರಂಭಿಸಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ತೆರೆದರೆ, ಒತ್ತಡದಲ್ಲಿದ್ದ ದ್ರವವು ಕುದಿದು ಚಿಮ್ಮಿ ಮುಖವನ್ನೂ ಕೈಯನ್ನೂ ಸುಡುತ್ತದೆ. ರಾತ್ರಿ ವಾಹನವನ್ನು ನಿಲ್ಲಿಸುವಾಗ ಅದರ ಅಡಿಯಲ್ಲಿ ರಟ್ಟನ್ನಾಗಲಿ ಬಿಳಿಯ ಕಾಗದವನ್ನಾಗಲಿ ಹಾಸಿ, ಮುಂಗಾಲಿಗಳು ನಿಂತ ಸ್ಥಳವನ್ನು ಅದರ ಮೇಲೆ ಗುರುತಿಸಬೇಕು. ಕಾಗದಕ್ಕೆ ನಾಯಿ ಬೆಕ್ಕುಗಳು ಬಾರದಂತೆ ಸುತ್ತಲೂ ಅಡ್ಡ ಇಡುವುದು ಅಗತ್ಯ. ಬೆಳಗ್ಗೆ ಕಲೆಯು ಎಲ್ಲಿ ಬಿದ್ದಿದೆಯೆಂಬುದರಿಂದ ಹನಿಯು ಹೊರಟ ಭಾಗದ ಮೊದಲ ಸುಳಿವು ದೊರೆಯುತ್ತದೆ. ಆದರೆ ಹನಿ ಬಿದ್ದ ಸ್ಥಳವೇ ಸೋರಿದ ಸ್ಥಳವೆಂದು ತಿಳಿಯಬಾರದು. ದ್ರವವು ಕೊಳವೆಯ ಮೈಮೇಲೆ, ಚಾಸಿಯ ಅಂಚಿನಲ್ಲಿ ಹರಿದು ಬಂದು ಬೇರೆಲ್ಲೋ ತೊಟ್ಟಿಕ್ಕುತ್ತದೆ. ಆದುದರಿಂದ ಕಲೆಯಿಂದ ಮೇಲಕ್ಕೆ, ಒದ್ದೆಯಾದ ಅತಿ ಎತ್ತರದ ಸ್ಥಳದವರೆಗೆ ನೋಟವನ್ನು ಒಯ್ಯಬೇಕು.

ಎಷ್ಟೋ ಸಲ ಕಾಗದವು ಒಣಗಿಯೇ ಇರುತ್ತದೆ. ಬಿಸಿ ಲೋಹದ ಮೇಲೆ ಬಿದ್ದ ನೀರಿನ ಅಂಶ ಆರಿಹೋಗಿ, ಬಿಳಿಯ ಅಥವಾ ಹಸಿರು ಛಾಯೆಯ ಹೆಕ್ಕಳೆ ಮಾತ್ರ ಉಳಿಯುತ್ತದೆ. ಆ ಹೆಕ್ಕಳೆಯೇ ಸಾಕ್ಷಿ. ಮೇಲಿನ ಮತ್ತು ಕೆಳಗಿನ ಹೋಸ್ ಪೈಪುಗಳ ತುದಿಗಳಲ್ಲಿ, ಕ್ಲಿಪ್ಪುಗಳ ಅಡಿಯಲ್ಲಿ, ರೇಡಿಯೇಟರಿನ ತೊಟ್ಟಿಯು ಅದರ ಸೀಳುಗಳಿಗೆ ಕೂಡುವ ಬೆಸುಗೆಯಲ್ಲಿ, ಥರ್ಮೋಸ್ಟಾಟಿನ ಕವಚದ ಗ್ಯಾಸ್ಕೆಟ್ಟಿನಲ್ಲಿ, ಎಂಜಿನ್ನಿನ ಪಕ್ಕಗಳಲ್ಲಿ ಬಡಿದು ಕೂರಿಸಿದ ತಗಡಿನ ಬಿರಡೆಗಳಲ್ಲಿ ಅದನ್ನು ಹುಡುಕಬೇಕು. ಹೀಟರ್ ಇರುವ ವಾಹನವಾದರೆ ಮುಂದಿನ ಆಸನದ ಕೆಳಗಿನ ಚಾಪೆಯನ್ನು ಮುಟ್ಟಿ ನೋಡಬೇಕು. ಅಲ್ಲಿ ಪಸೆಯೂ ಸಿಹಿವಾಸನೆಯೂ ಇದ್ದರೆ ಸೋರಿಕೆಯು ಒಳಗಿದೆ. ಹಳೆಯ ಹೋಸನ್ನು ಹಿಂಡಿ ನೋಡಬೇಕು: ಬಿರುಕು ಬಿಟ್ಟರೂ, ಹೊಳ್ಳು ಹೊಳ್ಳಾಗಿ ಮೆತ್ತಗಾಗಿದ್ದರೂ ಅದರ ಆಯುಸ್ಸು ಮುಗಿದಿದೆ.

ವಾಟರ್ ಪಂಪಿನ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಹೇಳಬೇಕು. ಪಂಪಿನ ಅಡಿಭಾಗದಲ್ಲಿ ಒಂದು ಸಣ್ಣ ರಂಧ್ರವನ್ನು ತಯಾರಿಸುವಾಗಲೇ ಇಟ್ಟಿರುತ್ತಾರೆ. ಒಳಗಿನ ಸೀಲು ಸವೆದಾಗ ದ್ರವವು ಬೇರಿಂಗಿಗೆ ನುಗ್ಗದೆ ಆ ರಂಧ್ರದಿಂದ ಹೊರಬಂದು, ಪಂಪು ಕೆಡುತ್ತಿದೆ ಎಂದು ತಿಳಿಸುತ್ತದೆ. ಸೋರುವ ತೂತನ್ನು ಕಂಡೆವೆಂಬ ಸಂತೋಷದಲ್ಲಿ ಕೆಲವರು ಅದಕ್ಕೇ ಎಂ-ಸೀಲ್ ಮೆತ್ತಿ ಮುಚ್ಚುತ್ತಾರೆ. ಹನಿಯು ನಿಲ್ಲುತ್ತದೆ; ಬೇರಿಂಗ್ ಒಳಗೇ ಹಾಳಾಗಿ, ಒಂದು ದಿನ ಘಾಟಿಯ ನಡುವೆ ಪಂಪು ಬಿಗಿದುಕೊಳ್ಳುತ್ತದೆ. ದೋಷವು ತಾನಾಗಿ ಹೊರಗೆ ಹೇಳಿಕೊಳ್ಳುವ ಬಾಯಿಯನ್ನು ಮುಚ್ಚಿದರೆ ದೋಷವು ಹೋದಂತಾಗುವುದಿಲ್ಲ. ಗುರುವಿನ ಮುಂದೆ ತಪ್ಪನ್ನು ಹೇಳಿಕೊಳ್ಳುವ ಆಲೋಚನೆಯನ್ನು ಪ್ರಾಯಶ್ಚಿತ್ತದ ಮೊದಲ ಮೆಟ್ಟಿಲಾಗಿ ಇರಿಸಿದ ಪರಂಪರೆಗೆ ಇದನ್ನು ವಿವರಿಸಬೇಕಾಗಿಲ್ಲ.

ಕಣ್ಣಿಗೆ ಏನೂ ಕಾಣದಿದ್ದರೆ ಗ್ಯಾರೇಜಿನಲ್ಲಿರುವ ಒತ್ತಡ ಪರೀಕ್ಷೆಯ ಕೈಪಂಪನ್ನು ಬಳಸಬೇಕು. ತಣ್ಣಗಿನ ಎಂಜಿನ್ನಿನಲ್ಲಿ ರೇಡಿಯೇಟರಿನ ಬಾಯಿಗೆ ಅದನ್ನು ಕೂರಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡವನ್ನು ಕೊಟ್ಟು, ಮುಳ್ಳು ಇಳಿಯುತ್ತದೆಯೇ ಎಂದು ಕಾಯಬೇಕು. ಓಡುವಾಗ ಮಾತ್ರ ಬಾಯ್ಬಿಡುವ ಬಿರುಕು ಆಗ ನಿಂತಲ್ಲಿಯೇ ಹನಿಯುತ್ತದೆ. ಮುಚ್ಚಳವನ್ನೂ ಪರೀಕ್ಷಿಸಬೇಕು, ಅದರ ರಬ್ಬರು ಸತ್ತಿದ್ದರೆ ಒತ್ತಡ ನಿಲ್ಲದೆ ದ್ರವವು ಬೇಗ ಕುದಿದು ಹೊರಹೋಗುತ್ತದೆ. ಮುಳ್ಳು ಇಳಿಯುತ್ತಿದ್ದು ಹೊರಗೆ ಎಲ್ಲಿಯೂ ಹನಿ ಕಾಣದಿದ್ದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್ಟನ್ನು ಸಂಶಯಿಸಬೇಕು. ನಿಲ್ಲದ ಬಿಳಿಯ ಹೊಗೆ, ಹಾಲಿನಂತಾದ ಎಂಜಿನ್ ಆಯಿಲ್, ರೇಡಿಯೇಟರಿನಲ್ಲಿ ಏಳುವ ಗುಳ್ಳೆಗಳು ಅದರ ಲಕ್ಷಣಗಳು. ಆಗ ಅನುಭವಿ ಮೆಕ್ಯಾನಿಕ್ಕನಿಗೆ ಒಪ್ಪಿಸುವುದೇ ಯತ್ನ.

ಪರಿಹಾರದಲ್ಲಿ ಸತ್ಯವಾದುದೂ ತೋರಿಕೆಯದೂ ಎರಡೂ ಉಂಟು. ದಾರಿಯಲ್ಲಿ ರೇಡಿಯೇಟರ್ ಸೋರಿದಾಗ ಅರಿಶಿನದ ಪುಡಿ ಹಾಕುವುದು ಚಾಲಕರಿಗೆ ತಿಳಿದ ಉಪಾಯ. ಪುಡಿಯು ಸಣ್ಣ ಬಿರುಕಿನಲ್ಲಿ ಸೇರಿಕೊಂಡು ಊರು ಮುಟ್ಟಿಸಬಹುದು. ಅಂಗಡಿಯಲ್ಲಿ ಮಾರುವ ಸೋರಿಕೆ ನಿಲ್ಲಿಸುವ ದ್ರಾವಣಗಳೂ ಅದೇ ಜಾತಿಯವು. ಆಪತ್ತಿನಲ್ಲಿ ಅವು ತಪ್ಪಲ್ಲ. ಆದರೆ ಅವನ್ನೇ ಶಾಶ್ವತವೆಂದು ನಂಬಿದರೆ, ಬಿರುಕನ್ನು ಮುಚ್ಚಿದ ವಸ್ತುವೇ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚಿ ಎಂಜಿನ್ನನ್ನು ಕಾಯಿಸುತ್ತದೆ. ಸತ್ಯವಾದ ಪರಿಹಾರವು ಸೋರುವ ಭಾಗವನ್ನೇ ಸರಿಪಡಿಸುವುದು: ಹೋಸು ಹಳತಾಗಿದ್ದರೆ ಕ್ಲಿಪ್ಪುಗಳ ಸಮೇತ ಹೊಸತನ್ನು ಹಾಕುವುದು, ಅದು ಕೂರುವ ಲೋಹದ ಕಂಠದ ತುಕ್ಕನ್ನು ಮೊದಲು ಉಜ್ಜಿ ತೆಗೆಯುವುದು, ಹಳೆಯ ತಾಮ್ರ ಹಿತ್ತಾಳೆಯ ರೇಡಿಯೇಟರಾದರೆ ಬಿಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ತುಂಬಿ, ಗುಳ್ಳೆ ಏಳುವಲ್ಲಿ ಬೆಸುಗೆ ಹಾಕಿಸುವುದು, ಪಂಪು ಸೋರಿದರೆ ಪಂಪನ್ನೇ ಬದಲಿಸುವುದು. ಅನಂತರ ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಡಿಸ್ಟಿಲ್ಡ್ ವಾಟರ್ ಬೆರೆಸಿ ನಿಧಾನವಾಗಿ ತುಂಬಿ, ಒಳಗಿನ ಗಾಳಿ ಹೊರಹೋಗುವವರೆಗೆ ಎಂಜಿನ್ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಮಟ್ಟವನ್ನು ನೋಡಬೇಕು. ಬೋರ್‌ವೆಲ್ಲಿನ ಗಡಸು ನೀರು ಒಳಗೆ ಸುಣ್ಣದಂತೆ ಹೆಕ್ಕಳೆಗಟ್ಟಿ ಮುಂದಿನ ತೊಂದರೆಗೆ ಕಾರಣವಾಗುತ್ತದೆ.

ತೂತುಬಿದ್ದ ದೋಣಿಯ ದೃಷ್ಟಾಂತವು ಜೈನರಿಗೆ ಪರಿಚಿತವಾದುದು. ನೀರು ಒಳಬರುವುದು ಆಸ್ರವ, ತೂತನ್ನು ಮುಚ್ಚುವುದು ಸಂವರ, ಬಂದ ನೀರನ್ನು ಎತ್ತಿ ಚೆಲ್ಲುವುದು ನಿರ್ಜರೆ. ತತ್ತ್ವಗಳ ಕ್ರಮದಲ್ಲಿ ಸಂವರವು ನಿರ್ಜರೆಗಿಂತ ಮೊದಲು ಬರುತ್ತದೆ. ತೂತನ್ನು ಬಿಟ್ಟು ನೀರನ್ನು ಚೆಲ್ಲುತ್ತಿರುವವನ ಶ್ರಮಕ್ಕೆ ಕೊನೆಯಿಲ್ಲ. ಸೋರುವ ವಾಹನದಲ್ಲಿ ದ್ರವವು ಹೊರಗೆ ಹೋಗುತ್ತದೆ, ದೋಣಿಯಲ್ಲಿ ಒಳಗೆ ಬರುತ್ತದೆ. ದಿಕ್ಕು ಬೇರೆಯಾದರೂ ತಪ್ಪು ಒಂದೇ. ವಾರವಾರವೂ ಅರ್ಧ ಲೀಟರ್ ತುಂಬುವವನು ಕೆಲಸ ಮಾಡುತ್ತಿದ್ದೇನೆಂದು ತೃಪ್ತಿಪಡುತ್ತಾನೆ. ವಾಸ್ತವವಾಗಿ ಆತನು ಹೊರಗೆ ಬೀಳಬೇಕಾದ ವಿಷವನ್ನು ಒದಗಿಸುತ್ತಿದ್ದಾನೆ. ತುಂಬದೆ ಬಿಟ್ಟಿದ್ದರೆ ಎಂಜಿನ್ ಕಾದು ನಿಂತು ತನ್ನ ದೋಷವನ್ನು ಎಂದೋ ತೋರಿಸುತ್ತಿತ್ತು.

ಕ್ಷೇತ್ರಗಳ ಮತ್ತು ಟ್ರಸ್ಟುಗಳ ವಾಹನಗಳ ಸಂಗತಿಯನ್ನು ಇಲ್ಲಿ ಬೇರೆಯಾಗಿ ವಿಚಾರಿಸಬೇಕು. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನಂತಹ ಹಳೆಯ ಕಾರುಗಳೂ ಜೀಪುಗಳೂ ಇಂತಹ ಕಡೆ ದೀರ್ಘಕಾಲ ಉಳಿಯುತ್ತವೆ. ಕರಾವಳಿಯ ಬಸದಿಗಳಿಂದ ಶ್ರವಣಬೆಳಗೊಳಕ್ಕೆ ಘಾಟಿ ಹತ್ತುವಾಗ ಅವುಗಳ ಎಂಜಿನ್ನಿಗೆ ಶಾಖದ ಹೊರೆ ಹೆಚ್ಚು. ಒಂದು ಮನೆಯ ಕಾರಿಗೆ ಒಬ್ಬ ಒಡೆಯನಿರುತ್ತಾನೆ. ಟ್ರಸ್ಟಿನ ವಾಹನವು ಎಲ್ಲರದಾದ ಕಾರಣ ಯಾರದೂ ಆಗುವುದಿಲ್ಲ. ಚಾಲಕನು ತಿಳಿಸಿರುತ್ತಾನೆ, ಕಚೇರಿಯವರು ಮುಂದಿನ ಸಭೆಗೆ ಇಟ್ಟಿರುತ್ತಾರೆ, ಸದಸ್ಯರೊಬ್ಬರು "ಸದ್ಯಕ್ಕೆ ತುಂಬಿಕೊಂಡು ಓಡಿಸಪ್ಪಾ" ಎಂದಿರುತ್ತಾರೆ, ಉಳಿದವರು ಕೇಳಿ ಸುಮ್ಮನಿರುತ್ತಾರೆ. ಕೃತ, ಕಾರಿತ, ಅನುಮೋದಿತ ಎಂಬ ವಿಭಾಗವು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ತುಂಬಿದವನದು ಕೃತ, ತುಂಬೆಂದವರದು ಕಾರಿತ, ತಿಳಿದೂ ಸಮ್ಮತಿಯಿಂದ ಮೌನವಾಗಿದ್ದವರದು ಅನುಮೋದಿತ. ಹೊಣೆಯನ್ನು ಹಂಚಿಕೊಂಡಾಗ ಪಾಲು ಕಡಿಮೆಯಾಗುವುದು ಆಸ್ತಿಯಲ್ಲಿ, ದೋಷದಲ್ಲಿ ಹಾಗಿಲ್ಲ. ದೇವದ್ರವ್ಯವನ್ನು ಉಳಿಸುವ ಸದುದ್ದೇಶವೂ ಇಲ್ಲಿ ನಿಲ್ಲುವುದಿಲ್ಲ. ಒಂದು ಹೋಸಿನ ಬೆಲೆಯನ್ನು ಉಳಿಸಲು ಹೋಗಿ ಎಂಜಿನ್ ಕೆಟ್ಟರೆ ಹಾನಿಯಾಗುವುದು ಆ ದ್ರವ್ಯಕ್ಕೇ.

ಎರಡು ಆಕ್ಷೇಪಗಳು ಬರಬಹುದು. ಮೊದಲನೆಯದು: ವಾಹನವನ್ನು ಓಡಿಸುವುದರಲ್ಲಿಯೇ ಅಸಂಖ್ಯ ಜೀವಿಗಳ ಹಾನಿಯಿದೆ, ಚಕ್ರದಡಿ ಸಾಯುವ ಹುಳುಗಳನ್ನು ಬಿಟ್ಟು ಒಂದು ಹನಿಯನ್ನು ಕುರಿತು ಚಿಂತಿಸುವುದು ಯಾವ ನ್ಯಾಯ? ಗೃಹಸ್ಥನ ಬಾಳಿನಲ್ಲಿ ಆರಂಭೀ ಮತ್ತು ಉದ್ಯೋಗೀ ಹಿಂಸೆಗಳು ಪೂರ್ತಿ ತಪ್ಪವೆಂದು ಶ್ರಾವಕಾಚಾರವು ಒಪ್ಪುತ್ತದೆ. ಆದರೆ ತಪ್ಪಿಸಲಾಗದ ಹಿಂಸೆಗೆ ಇರುವ ಈ ವಿನಾಯಿತಿಯು ತಪ್ಪಿಸಬಹುದಾದುದಕ್ಕೆ ಅನುಮತಿಯಾಗದು. ಸಮಂತಭದ್ರಾಚಾರ್ಯರು ಅನರ್ಥದಂಡಗಳಲ್ಲಿ ಪ್ರಮಾದಚರ್ಯೆಯನ್ನು ಎಣಿಸಿರುವುದು ಇದೇ ಕಾರಣದಿಂದ. ಸೋರುವ ಹನಿಯಿಂದ ಯಾರಿಗೂ ಯಾವ ಪ್ರಯೋಜನವೂ ಇಲ್ಲ. ಅದು ಪೂರ್ಣವಾಗಿ ನಿಷ್ಪ್ರಯೋಜಕವಾದ ಹಾನಿ.

ಎರಡನೆಯ ಆಕ್ಷೇಪವು ಹೆಚ್ಚು ಗೌರವಕ್ಕೆ ಅರ್ಹ. ದುಡಿಮೆಗೆ ಹಳೆಯ ವಾಹನವನ್ನೇ ನಂಬಿದ ಬಡ ಗೃಹಸ್ಥನಿಗೆ ಹೊಸ ರೇಡಿಯೇಟರಿನ ಖರ್ಚನ್ನು ಈ ತಿಂಗಳೇ ಭರಿಸಲಾಗದಿರಬಹುದು. ಆತನು ಪ್ರಮಾದಿಯೇ? ಅಲ್ಲ, ಆತನಿಗೂ ಮಾಡತಕ್ಕ ಯತ್ನವೊಂದುಂಟು. ದುರಸ್ತಿಯಾಗುವವರೆಗೆ ಗ್ಲೈಕಾಲಿನ ದ್ರವವನ್ನು ಬಸಿದು ತೆಗೆದು, ಒಳಗನ್ನು ತೊಳೆದು, ಬರಿಯ ನೀರಿನಿಂದ ಓಡಿಸುವುದು. ನಿಂತಾಗ ಹನಿಯ ಅಡಿಗೆ ತಟ್ಟೆಯಿಟ್ಟು ಮುಚ್ಚುವುದು. ಬರಿಯ ನೀರಿನಿಂದ ಕೆಲವು ವಾರಗಳಲ್ಲಿ ಎಂಜಿನ್ನಿಗೆ ಸ್ವಲ್ಪ ತುಕ್ಕಿನ ಬಾಧೆಯಾದೀತು, ಘಾಟಿಯಲ್ಲಿ ಬೇಗ ಕಾದೀತು. ಆ ನಷ್ಟ ತನ್ನದು. ಗ್ಲೈಕಾಲನ್ನು ಬಿಟ್ಟರೆ ಉಂಟಾಗುವ ನಷ್ಟ ಮಾತೇ ಆಡಲಾರದ ಪ್ರಾಣಿಯದು. ಎರಡರಲ್ಲಿ ಯಾವುದನ್ನು ಹೊರಬೇಕೆಂಬುದರಲ್ಲಿ ಶ್ರಾವಕನಿಗೆ ಸಂದೇಹವಿರಬಾರದು. ಅನುಕೂಲವಿದ್ದವರು ತಮ್ಮ ಎಂಜಿನ್ನಿಗೆ ಹೊಂದುವುದಾದರೆ ವಿಷದ ಅಂಶ ಬಹಳ ಕಡಿಮೆಯಿರುವ ಪ್ರೊಪಿಲೀನ್ ಗ್ಲೈಕಾಲಿನ ಕೂಲಂಟನ್ನು ಆರಿಸಬಹುದು. ಅದರಿಂದ ಅಪಾಯ ತಗ್ಗುತ್ತದೆ. ಸೋರಿಕೆಯನ್ನು ಹುಡುಕುವ ಕರ್ತವ್ಯ ತಪ್ಪುವುದಿಲ್ಲ.

ದುರಸ್ತಿ ಮುಗಿದ ಮೇಲೂ ಒಂದು ಕೆಲಸ ಉಳಿಯುತ್ತದೆ. ಬಸಿದು ತೆಗೆದ ಹಳೆಯ ದ್ರವದಲ್ಲಿ ಗ್ಲೈಕಾಲಿನೊಡನೆ ಹಳೆಯ ಬೆಸುಗೆಯಿಂದ ಕರಗಿದ ಸೀಸವೂ ಇರಬಹುದು. ಅದನ್ನು ಚರಂಡಿಗೋ ತೋಟದ ಮೂಲೆಗೋ ಸುರಿದರೆ ಸೋರಿಕೆಯನ್ನು ನಿಲ್ಲಿಸಿದ ಶ್ರಮವೆಲ್ಲ ವ್ಯರ್ಥ. ಜೀವಿಗಳಿಲ್ಲದ ಸ್ಥಳವನ್ನು ನೋಡಿ ಮಲವಿಸರ್ಜನೆ ಮಾಡಬೇಕೆಂಬ ಉತ್ಸರ್ಗ ಸಮಿತಿಯು ಮುನಿಗಳಿಗೆ ವಿಧಿಸಿದುದು. ಬಿಡುವ ವಸ್ತುವನ್ನು ಎಲ್ಲಿ ಬಿಡುತ್ತಿರುವೆನೆಂದು ನೋಡಬೇಕೆಂಬ ಅದರ ಆಶಯವು ಗೃಹಸ್ಥನಿಗೂ ಸಲ್ಲುತ್ತದೆ. ಹಳೆಯ ದ್ರವವನ್ನು ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ಹಾಕಿ, ವಿಷವೆಂದು ಬರೆದು, ಇಂತಹ ತ್ಯಾಜ್ಯವನ್ನು ಪರವಾನಗಿಯುಳ್ಳವರಿಗೆ ಮುಟ್ಟಿಸುವ ಗ್ಯಾರೇಜಿಗೆ ಒಪ್ಪಿಸಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ಎಂದಿಗೂ ಇಡಬಾರದು. ನೆಲದ ಮೇಲೆ ಬಿದ್ದುದನ್ನು ಮರದ ಹೊಟ್ಟಿನಿಂದಲೋ ಮರಳಿನಿಂದಲೋ ಹೀರಿಸಿ ತೆಗೆದು, ಆಮೇಲೆ ನೆಲವನ್ನು ತೊಳೆಯಬೇಕು.

ಕಡೆಗೆ ಮತ್ತೆ ಕಾಗದವನ್ನು ಹಾಸಬೇಕು. ಒಂದು ರಾತ್ರಿಯ ಒಣ ಕಾಗದವು ಸಾಕಲ್ಲ. ದೂರದ ಓಡಾಟ ಮಾಡಿ ಬಂದ ರಾತ್ರಿಯೂ, ನಿಂತೇ ಇದ್ದ ರಾತ್ರಿಯೂ ಅದು ಒಣಗಿರಬೇಕು. ಆಗ ದುರಸ್ತಿಯು ಸರಿಯಾಯಿತೆಂದು ತಿಳಿಯಬಹುದು. ತಿಂಗಳಿಗೊಮ್ಮೆ, ಚತುರ್ದಶಿಯಂತಹ ನೆನಪಿಡಲು ಸುಲಭವಾದ ದಿನದಲ್ಲಿ, ತಣ್ಣಗಿನ ಎಂಜಿನ್ನಿನ ಮಟ್ಟವನ್ನು ನೋಡಿ ಒಂದು ಪುಸ್ತಕದಲ್ಲಿ ಗುರುತು ಹಾಕುವ ಪದ್ಧತಿಯನ್ನು ಮನೆಗಳೂ ಟ್ರಸ್ಟುಗಳೂ ಇಟ್ಟುಕೊಂಡರೆ ಮುಂದಿನ ಸೋರಿಕೆಯು ಎರಡನೆಯ ಸಲ ತುಂಬುವ ಮೊದಲೇ ತಿಳಿದುಬರುತ್ತದೆ. ಕುಡಿಯುವ ನೀರನ್ನು ಸೋಸುವ ಮನೆಗೆ ಇದು ಹೊಸ ವ್ರತವಲ್ಲ, ಒಳಗಿನ ಆಚಾರವನ್ನು ಅಂಗಳದವರೆಗೆ ಒಯ್ಯುವುದಷ್ಟೆ.